ಗುಲಬರ್ಗಾ ವಿವಿ ಹಳೆ ವಿದ್ಯಾರ್ಥಿಗಳ ಪುಸ್ತಕ: ದೊಡ್ಡ ಹುದ್ದೆಯವರು ಬರೆದು ಕಳಿಸ್ತಾರೆ, ಉಳಿದವರನ್ನು ಬರೆಸೋದು ಹೇಗೆ?

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಓದಿದ ನಾವು ಕೆಲವರು ಸೇರಿ ಒಂದು ಪುಸ್ತಕ ಮಾಡುತ್ತಿದ್ದೇವೆ. ಯಾರು ಯಾವಾಗ ಓದಿದರು, ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ, ಅಷ್ಟೇ. ಎಪ್ಪತ್ತರ ದಶಕದವರಿಂದ ಹಿಡಿದು ಮೊನ್ನೆ ಮೊನ್ನೆ ಪಾಸಾದವರ ತನಕ, ಒಂದೊಂದು ದಶಕಕ್ಕೆ ಒಂದೊಂದು ಭಾಗ. ನಾನು 1998-2000ರ ಬ್ಯಾಚ್, ಎಂ.ಎ. ಅರ್ಥಶಾಸ್ತ್ರ. ಈಗ ಇಲ್ಲೇ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

ವಾಟ್ಸಾಪ್‌ನಲ್ಲಿ ಒಂದು ಫಾರ್ಮ್ ಬಿಟ್ಟಿದ್ದೇವೆ. ಹೆಸರು, ಬ್ಯಾಚ್, ಈಗಿನ ಹುದ್ದೆ, ಸಾಧನೆ. ಬಂದ ಉತ್ತರಗಳು ಹೆಚ್ಚೂ ಕಡಿಮೆ ಒಂದೇ ಥರ ಇವೆ. ಕೆಎಎಸ್ ಆದವರು, ಪೊಲೀಸ್ ಅಧಿಕಾರಿ ಆದವರು, ಪ್ರೊಫೆಸರ್ ಆದವರು, ಅಮೆರಿಕದಲ್ಲಿ ಇರುವವರು. ಅವರೆಲ್ಲ ಇರಬೇಕು, ಖುಷಿಯೇ. ಆದರೆ ನಮ್ಮ ಜೊತೆ ಕ್ಲಾಸಿನಲ್ಲಿ ಕೂತಿದ್ದವರಲ್ಲಿ ಅಂಥವರು ಎಷ್ಟು ಜನ? ಉಳಿದವರಿಗೆ ಫೋನ್ ಮಾಡಿದರೆ "ನಂದೇನ್ ಬರೀತೀರಿ ಬಿಡ್ರಿ, ಊರಾಗ ಅದೀನಿ" ಅಂತಾರೆ. ಇನ್ನೂ ಕೆಲವರು ಆಮೇಲೆ ಫೋನೇ ಎತ್ತುವುದಿಲ್ಲ. ಎಂಬತ್ತರ ದಶಕದ ಪುಟ ಅರ್ಧಕ್ಕರ್ಧ ಖಾಲಿ ಇದೆ. ಹೆಣ್ಣುಮಕ್ಕಳದ್ದಂತೂ ಯಾವ ದಶಕದಲ್ಲೂ ನಾಲ್ಕಾರು ಹೆಸರಿಗಿಂತ ಜಾಸ್ತಿ ಸಿಕ್ಕಿಲ್ಲ. ಹಾಗಾದರೆ ಅವರೆಲ್ಲ ಓದಲೇ ಇಲ್ಲವಾ?

ಈ ಥರದ ಕೆಲಸ ಮಾಡಿದ ಅನುಭವ ಯಾರಿಗಾದರೂ ಇದ್ದರೆ ಹೇಳಿ. ಏನು ಕೇಳಿದರೆ ಜನ ಮಾತಾಡುತ್ತಾರೆ? ತೀರಿಕೊಂಡವರ ಬಗ್ಗೆ ಹೇಗೆ ಬರೆಯಬೇಕು? ಇನ್ನೂ ಒಂದು ಗೊಂದಲ ಇದೆ, ಯಾರನ್ನು ನಮ್ಮ ವಿವಿಯವರು ಅಂತ ಲೆಕ್ಕ ಹಿಡಿಯಬೇಕು ಅನ್ನುವುದೇ ಸರಿಯಾಗಿ ತೀರ್ಮಾನ ಆಗಿಲ್ಲ. ಅದರ ಬಗ್ಗೆಯೂ ಗೊತ್ತಿದ್ದವರು ಬರೆಯಿರಿ.

---

ಶಹಾಪುರದ ಮಾಸ್ತರ

ನಮಸ್ಕಾರ ಸರ್. ನಾನು 1983-85, ಎಂ.ಎ. ಕನ್ನಡ. ಹೈಸ್ಕೂಲ್ ಮುಖ್ಯಗುರುವಾಗಿ ನಿವೃತ್ತಿಯಾಗಿ ಈಗ ಊರಲ್ಲೇ ಇದ್ದೇನೆ. ನೀವು ಹೇಳಿದ ಖಾಲಿ ಪುಟದವರಲ್ಲಿ ನಾನೂ ಒಬ್ಬ ಅಂತ ಇಟ್ಟುಕೊಳ್ಳಿ. ನಿಮ್ಮ ಫಾರ್ಮ್ ನನಗೂ ಬಂದಿತ್ತು, ಹುದ್ದೆ ಅನ್ನುವಲ್ಲಿ ನಿವೃತ್ತ ಅಂತ ತುಂಬಿ, ಮುಂದಿನ ಸಾಲಿಗೆ ಏನು ತುಂಬುವುದು ಅಂತ ತಿಳಿಯದೆ ಹಾಗೇ ಬಿಟ್ಟೆ.

ಮೊದಲು ಎಪ್ಪತ್ತರ ದಶಕದವರ ವಿಷಯ. ನಮ್ಮ ವಿವಿ ಸ್ವತಂತ್ರ ಆಗಿದ್ದು 1980ರಲ್ಲಿ. ಅದಕ್ಕೂ ಮುಂಚೆ, 1970ರಿಂದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇಲ್ಲಿತ್ತು. ಆ ಹತ್ತು ವರ್ಷ ಇಲ್ಲಿ ಓದಿದವರ ಸರ್ಟಿಫಿಕೇಟಿನ ಮೇಲೆ ಧಾರವಾಡ ಅಂತ ಇದೆ. ಆದರೆ ಅವರು ಓದಿದ್ದು, ಉಂಡಿದ್ದು, ಬಿಸಿಲಲ್ಲಿ ಓಡಾಡಿದ್ದು ಎಲ್ಲ ಗುಲಬರ್ಗದಲ್ಲೇ. ಅವರನ್ನು ಬಿಟ್ಟರೆ ಪುಸ್ತಕಕ್ಕೆ ಬುಡವೇ ಇರುವುದಿಲ್ಲ. ವಯಸ್ಸೂ ಆಗಿದೆ ಅವರಿಗೆ. ಫಾರ್ಮ್ ಗೀರ್ಮ್ ಬೇಡ, ಯಾರಾದರೂ ಮನೆಗೇ ಹೋಗಿ ಕೂತು ಬರೆದುಕೊಂಡು ಬನ್ನಿ. ಇದನ್ನು ಮೊದಲು ಮಾಡಿ, ಉಳಿದದ್ದು ನಿಧಾನವಾದರೂ ನಡೆಯುತ್ತದೆ.

ನಮ್ಮ ಭಾಗದ ಓದಿನ ಕಥೆ ಬೇರೆಯೇ ಇದೆ, ಅದು ಪುಸ್ತಕ ಮಾಡುವ ನಿಮ್ಮ ಮನಸ್ಸಿನಲ್ಲಿ ಇರಬೇಕು. ನಮ್ಮ ತಂದೆಯವರ ಕಾಲಕ್ಕೆ ಇದು ನಿಜಾಮರ ರಾಜ್ಯ. ಮೇಲಿನ ಓದು ಅಂದರೆ ಹೈದರಾಬಾದಿನ ಉಸ್ಮಾನಿಯಾ, ಅಲ್ಲಿ ಪಾಠ ಉರ್ದುವಿನಲ್ಲಿ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಮ್ಮ ತಂದೆಗೆ ಬರುತ್ತಿದ್ದುದು ಉರ್ದು ಸಹಿ ಮಾತ್ರ. ಅಂಥ ಮನೆಯಿಂದ ಒಬ್ಬ ಹುಡುಗ ಕನ್ನಡ ಎಂ.ಎ. ಮಾಡಲು ಟ್ರಂಕು ಹೊತ್ತು ಬಂದ ಅಂದರೆ, ಸರ್, ಅವನು ಮುಂದೆ ಏನೇ ಆಗಿರಲಿ, ಆ ಬಂದಿದ್ದನ್ನೇ ಬರೆಯಬೇಕು. ಅವನ ಮನೆಯಲ್ಲಿ ಅವನಿಗಿಂತ ಮುಂಚೆ ಯಾರೂ ಬಂದಿರಲಿಲ್ಲ.

ಆದ್ದರಿಂದ ಹುದ್ದೆ ಕೇಳಬೇಡಿ. ನಿಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವರು ಯಾರು ಅಂತ ಕೇಳಿ. ಓದುವಾಗ ಖರ್ಚು ಹೇಗೆ ನಡೆಯಿತು ಅಂತ ಕೇಳಿ. ಮೊದಲ ಸಂಬಳ ಯಾವ ಕೆಲಸದ್ದು, ಅದು ಬಂದ ಮೇಲೆ ಮನೆಯಲ್ಲಿ ಏನು ಬದಲಾಯಿತು ಅಂತ ಕೇಳಿ. ನಿಮ್ಮ ಹಿಂದೆ ಯಾರು ಯಾರು ಓದಿದರು ಅಂತ ಕೇಳಿ. ಹೀಗೆ ಕೇಳಿದರೆ ಊರಲ್ಲಿರುವವರೂ ಬಾಯಿ ಬಿಡುತ್ತಾರೆ.

ನನ್ನ ಉತ್ತರ ಇದು. ನನ್ನ ಸಂಬಳ ಶುರುವಾದ ಮೇಲೆ ತಮ್ಮಂದಿರು ಕಾಲೇಜು ಕಂಡರು. ತಂಗಿಯನ್ನು ಹತ್ತನೇ ಕ್ಲಾಸಿಗೆ ಬಿಡಿಸುವ ಮಾತು ನಡೆದಿತ್ತು, ನಾನು ಬೇಡ ಅಂತ ಪಟ್ಟು ಹಿಡಿದೆ, ಅವಳು ಟಿಸಿಎಚ್ (ಶಿಕ್ಷಕರ ತರಬೇತಿ) ಮಾಡಿ ಟೀಚರ್ ಆದಳು. ನಮ್ಮ ಶಾಲೆಗೆ ತಾಂಡಾದಿಂದ ಬರುತ್ತಿದ್ದ ಹುಡುಗಿಯರು ಸುಗ್ಗಿ ಮುಗಿಯುತ್ತಲೇ ಅಪ್ಪ ಅಮ್ಮನ ಜೊತೆ ಪುಣೆ ಮುಂಬೈಗೆ ದುಡಿಯಲು ಹೋಗಿಬಿಡುತ್ತಿದ್ದರು, ಪರೀಕ್ಷೆ ಹೊತ್ತಿಗೆ ಬೆಂಚು ಖಾಲಿ. ಅವರಲ್ಲಿ ಕೆಲವರನ್ನು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಉಳಿಸಲು ಆಯಿತು. ಅವರಲ್ಲಿ ಒಬ್ಬಳು ಈಗ ನರ್ಸ್, ಕಳೆದ ವರ್ಷ ನನ್ನ ಬಿಪಿ ನೋಡಿದವಳು ಅವಳೇ. ಇದನ್ನು ಯಾವ ಅಂಕಣದಲ್ಲಿ ತುಂಬಲಿ ಹೇಳಿ, ತುಂಬುತ್ತೇನೆ.

---

ವಾಡಿ ಜಂಕ್ಷನ್

ಮಾಸ್ತರ ಮಾತು ಓದಿ ಮನಸ್ಸು ತುಂಬಿತು. ನಾನು ಪಿಡಿಎ ಇಂಜಿನಿಯರಿಂಗ್ ಕಾಲೇಜು, 1989-93, ಎಲೆಕ್ಟ್ರಿಕಲ್. ಮೊದಲು ಸಿಮೆಂಟ್ ಫ್ಯಾಕ್ಟರಿ, ಆಮೇಲೆ ಹೈದರಾಬಾದ್, ಈಗ ಪುಣೆ.

ಯಾರು ನಮ್ಮವರು ಅನ್ನುವ ಗೊಂದಲಕ್ಕೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ನಮ್ಮ ಕಾಲೇಜು ಶುರುವಾಗಿದ್ದು 1958ರಲ್ಲಿ, ಅಂದರೆ ವಿವಿಗಿಂತ ದೊಡ್ಡದು ವಯಸ್ಸಿನಲ್ಲಿ. 1980ರ ನಂತರ ಗುಲಬರ್ಗಾ ವಿವಿಗೆ ಬಂತು. 1998ರಲ್ಲಿ ಬೆಳಗಾವಿಯ ತಾಂತ್ರಿಕ ವಿವಿ, ಅಂದರೆ ವಿಟಿಯು, ಹುಟ್ಟಿದ ಮೇಲೆ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಅದರ ಕೆಳಗೆ ಹೋದವು. ಹಾಗಾಗಿ ನನ್ನ ಸರ್ಟಿಫಿಕೇಟ್ ಗುಲಬರ್ಗಾ ವಿವಿಯದು, ಅದೇ ಕಾಲೇಜಿನಲ್ಲಿ ಆಮೇಲೆ ಓದಿದ ನನ್ನ ತಮ್ಮನದು ವಿಟಿಯುದು. ವೈದ್ಯರ ಕಥೆಯೂ ಹೀಗೇ. ಎಂ.ಆರ್. ಮೆಡಿಕಲ್ ಕಾಲೇಜು 1963ರದ್ದು, ರಾಜೀವ್ ಗಾಂಧಿ ಆರೋಗ್ಯ ವಿವಿ ಬಂದಿದ್ದು 1996ರಲ್ಲಿ. ಎಂಬತ್ತು ತೊಂಬತ್ತರ ದಶಕದ ಡಾಕ್ಟರು ಇಂಜಿನಿಯರುಗಳಿಗೆ ತಾವು ಗುಲಬರ್ಗಾ ವಿವಿಯವರು ಅನ್ನುವುದೇ ಮರೆತುಹೋಗಿದೆ, ಅವರಿಗೆ ಕಾಲೇಜಿನ ಹೆಸರಷ್ಟೇ ನೆನಪು. ಎಂಬತ್ತರ ಪುಟ ಖಾಲಿ ಇರಲು ಇದೂ ಒಂದು ಕಾರಣ ಇರಬೇಕು. ಎಂ.ಎ., ಎಂ.ಎಸ್ಸಿ. ಗ್ರೂಪುಗಳಲ್ಲಿ ಮಾತ್ರ ಫಾರ್ಮ್ ಬಿಟ್ಟರೆ ಅವರಿಗೆ ಹೇಗೆ ತಲುಪುತ್ತದೆ?

ಬಳ್ಳಾರಿಯವರೂ ಇದ್ದಾರೆ. 2010ರಲ್ಲಿ ಅಲ್ಲಿ ಬೇರೆ ವಿವಿ ಆಗುವ ತನಕ ಬಳ್ಳಾರಿ, ಕೊಪ್ಪಳ ಎಲ್ಲ ನಮ್ಮ ಜೊತೆಗೇ ಇದ್ದವು. ಆಮೇಲೆ ರಾಯಚೂರು ಬೇರೆ ಆಯಿತು, ಬೀದರ್ ಕೂಡ ಬೇರೆ ಆಯಿತು. ನನ್ನ ಸಲಹೆ ಸರಳ. ಸರ್ಟಿಫಿಕೇಟ್ ಮೇಲೆ ಗುಲಬರ್ಗಾ ವಿವಿ ಅಂತ ಇದ್ದವರು, ಜೊತೆಗೆ 1970ರಿಂದ 80ರ ತನಕ ಇಲ್ಲಿನ ಕೇಂದ್ರದಲ್ಲಿ ಓದಿದವರು. ಇಷ್ಟು ಗಟ್ಟಿ ಮಾಡಿಕೊಳ್ಳಿ.

ಒಂದು ಮಾತಿಗೆ ಮಾತ್ರ ನನ್ನ ತಕರಾರು ಇದೆ. ಹುದ್ದೆ ಕೇಳಬೇಡಿ ಅಂದರೆ ಹೇಗೆ ಮಾಸ್ತರೆ? ಕೇಳಲೇಬೇಕು. ನಾನು ಓದುವಾಗ ನಮ್ಮ ಕಡೆಯವರು ಯಾರು ಎಲ್ಲಿ ತಲುಪಿದ್ದಾರೆ ಅಂತ ಹೇಳುವವರೇ ಇರಲಿಲ್ಲ. ಹಿಂದುಳಿದ ಜಿಲ್ಲೆ, ಹಿಂದುಳಿದ ಜಿಲ್ಲೆ ಅಂತ ಪೇಪರಿನಲ್ಲಿ ಓದಿ ಓದಿ ನಾವೂ ಅದನ್ನೇ ನಂಬಿದ್ದೆವು. ಪುಣೆಯ ಇಂಟರ್ವ್ಯೂಗೆ ಹೋದಾಗ ಎದುರಿಗೆ ಕೂತವರಲ್ಲಿ ಒಬ್ಬರು ನಮ್ಮ ಕಾಲೇಜಿನ ಸೀನಿಯರ್ ಅಂತ ಗೊತ್ತಾದಾಗ ನನ್ನ ಬೆನ್ನು ನೆಟ್ಟಗಾಯಿತು. ಜೇವರ್ಗಿಯ ಹುಡುಗನಿಗೆ, ಔರಾದಿನ ಹುಡುಗಿಗೆ ಆ ಹೆಸರುಗಳು ಬೇಕು. ದೊಡ್ಡ ಹುದ್ದೆಯನ್ನೂ ಸಂಕೋಚ ಇಲ್ಲದೆ ಹಾಕಿ. ಆದರೆ ಆ ಅಧಿಕಾರಿ ಕೂಡ ಮಾಸ್ತರು ಹೇಳಿದ ಪ್ರಶ್ನೆಗಳಿಗೇ ಉತ್ತರ ಬರೆಯಲಿ, ಖರ್ಚು ಹೇಗೆ ನಡೆಯಿತು ಅನ್ನುವುದೂ ಸೇರಿ. ಆಗ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

---

ಬೀದರ್ ತವರು

ನಾನು ಎಂ.ಎಸ್ಸಿ. ಕೆಮಿಸ್ಟ್ರಿ, 1995-97. ತವರು ಬೀದರ್ ಜಿಲ್ಲೆ, ಮದುವೆಯಾಗಿ ಬಂದಿದ್ದು ಉದಗೀರಿಗೆ. ಹೆಣ್ಣುಮಕ್ಕಳು ಸಿಗುತ್ತಿಲ್ಲ ಅಂದಿರಲ್ಲ, ಅದಕ್ಕೇ ಬರೆಯಲು ಕೂತೆ, ಸ್ವಲ್ಪ ಉದ್ದ ಆಗುತ್ತದೆ.

ನಾವು ಸಿಗದೆ ಇರುವುದಕ್ಕೆ ಮೊದಲ ಕಾರಣ ಹೆಸರು. ನಮ್ಮ ಕಡೆ ಹೆಸರಿನ ಜೊತೆ ಅಪ್ಪನ ಹೆಸರು, ಆಮೇಲೆ ಮನೆತನದ ಅಡ್ಡಹೆಸರು. ಮದುವೆಯಾದ ಮೇಲೆ ಅಪ್ಪನ ಹೆಸರಿದ್ದ ಜಾಗಕ್ಕೆ ಗಂಡನ ಹೆಸರು ಬರುತ್ತದೆ, ಅಡ್ಡಹೆಸರೂ ಬದಲಾಗುತ್ತದೆ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಕೊಟ್ಟರೆ ಕೆಲವು ಮನೆಗಳಲ್ಲಿ ಮೊದಲ ಹೆಸರನ್ನೇ ಬದಲಿಸುತ್ತಾರೆ. ನನ್ನ ಮಾರ್ಕ್ಸ್ ಕಾರ್ಡಿನ ಹೆಸರು ಹಿಡಿದು ಫೇಸ್‌ಬುಕ್‌ನಲ್ಲಿ ಹುಡುಕಿದರೆ ನಾನು ಈ ಜಗತ್ತಿನಲ್ಲೇ ಇಲ್ಲ. ಆದ್ದರಿಂದ ಪಟ್ಟಿ ಮಾಡುವಾಗ ಮಾರ್ಕ್ಸ್ ಕಾರ್ಡಿನ ಹೆಸರು ಮುಂದೆ ಇರಲಿ, ಈಗಿನ ಹೆಸರು ಅದರ ಪಕ್ಕದಲ್ಲಿ. ನಮ್ಮ ಗೆಳತಿಯರು ನಮ್ಮನ್ನು ಗುರುತು ಹಿಡಿಯುವುದು ಹಳೆ ಹೆಸರಿನಿಂದಲೇ.

ಎರಡನೆಯದು ಊರು. ಬೀದರ್ ಹುಡುಗಿಯರನ್ನು ಉದಗೀರ್, ಲಾತೂರ್, ಜಹೀರಾಬಾದ್ ಕಡೆ ಕೊಡುತ್ತಾರೆ, ಯಾದಗಿರಿಯವರನ್ನು ನಾರಾಯಣಪೇಟೆ, ಮಹಬೂಬನಗರದ ಕಡೆ. ಅಲ್ಲಿ ನಮ್ಮ ದಿನ ಮರಾಠಿಯಲ್ಲಿ, ತೆಲುಗಿನಲ್ಲಿ ನಡೆಯುತ್ತದೆ. ನಿಮ್ಮ ವಾಟ್ಸಾಪ್ ಗ್ರೂಪು ಅಲ್ಲಿಗೆ ಮುಟ್ಟಲ್ಲ. ಹುಡುಕಬೇಕು ಅಂದರೆ ತವರಿನಿಂದ ಶುರು ಮಾಡಿ. ಅಣ್ಣನೋ ಅತ್ತಿಗೆಯೋ ಅದೇ ಊರಿನಲ್ಲಿ ಇರುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಹಾಸ್ಟೆಲ್ ರೂಮ್‌ಮೇಟ್‌ಗಳು. ಒಬ್ಬಳು ಸಿಕ್ಕರೆ ಅವಳ ಹತ್ತಿರ ಇನ್ನಿಬ್ಬರ ನಂಬರ್ ಇರುತ್ತದೆ. ಈ ಕೆಲಸಕ್ಕೆ ದಯವಿಟ್ಟು ಹೆಣ್ಣುಮಕ್ಕಳನ್ನೇ ಹಚ್ಚಿ. ಗಂಡಸರು ಫೋನ್ ಮಾಡಿದರೆ ಮನೆಯವರು ಎತ್ತಿ "ಅಕಿದೇನಿಲ್ರಿ, ಮನ್ಯಾಗ ಇರ್ತಾಳ" ಅಂತ ಹೇಳಿ ಇಟ್ಟುಬಿಡುತ್ತಾರೆ. ಅವಳನ್ನು ಕೇಳಿದ್ದು, ಉತ್ತರ ಬಂದಿದ್ದು ಬೇರೆಯವರಿಂದ. ಅವಳ ಜೊತೆಗೇ ಮಾತಾಡಬೇಕು, ಅದೂ ಮಧ್ಯಾಹ್ನ, ಅಡುಗೆ ಮುಗಿದು ಮನೆ ಸ್ವಲ್ಪ ತಣ್ಣಗಿರುವ ಹೊತ್ತಿನಲ್ಲಿ.

ನನ್ನ ರೂಮಿನಲ್ಲಿ ಇದ್ದವಳು ನಮ್ಮ ಬ್ಯಾಚಿನಲ್ಲೇ ಜಾಣೆ. ಪಿಎಚ್.ಡಿ. ಮಾಡು ಅಂತ ಸರ್ ಹೇಳಿದ್ದರು. ಫಲಿತಾಂಶ ಬರುವ ಮುಂಚೆಯೇ ಮದುವೆ ಆಯಿತು. ಎಷ್ಟೋ ವರ್ಷದ ಮೇಲೆ ಸಿಕ್ಕಳು. ಮನೆಯ ಗೊಬ್ಬರದ ಅಂಗಡಿಯ ಲೆಕ್ಕ ಅವಳೇ ನೋಡುತ್ತಾಳೆ. ಯಾವ ಬೆಳೆಗೆ ಯಾವ ಗೊಬ್ಬರ ಎಷ್ಟು, ಯಾವ ಔಷಧಿಯನ್ನು ಯಾವುದರ ಜೊತೆ ಬೆರೆಸಬಾರದು ಅಂತ ಕೇಳಲು ರೈತರು ಅಂಗಡಿಗೆ ಬಂದರೆ ಅವಳ ಗಂಡನನ್ನು ಬಿಟ್ಟು ಅವಳ ಬಳಿಗೇ ಹೋಗುತ್ತಾರೆ. ಆ ಎಂ.ಎಸ್ಸಿ. ವ್ಯರ್ಥ ಆಯಿತು ಅಂತ ಅವಳ ಅತ್ತೆ ಮನೆಯವರು ಇವತ್ತಿಗೂ ಅನ್ನುತ್ತಾರೆ, ಅವಳೂ ಹಾಗೇ ಅಂದುಕೊಂಡಿದ್ದಾಳೆ. ನಾನು ಒಪ್ಪುವುದಿಲ್ಲ. ಅವಳ ಓದು ಅಲ್ಲಿ ದಿನಾ ಕೆಲಸ ಮಾಡುತ್ತಿದೆ. ಈ ಪುಸ್ತಕದಲ್ಲಿ ಅವಳ ಹೆಸರು ಬರಲೇಬೇಕು.

ನನ್ನದು ಹೇಳುವುದಾದರೆ, ಮಕ್ಕಳು ಸಣ್ಣವರಿದ್ದಾಗ ಮನೆಯಲ್ಲೇ ಇದ್ದೆ. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದೆ. ನಲವತ್ತು ದಾಟಿದ ಮೇಲೆ ಬಿ.ಎಡ್. ಮಾಡಿದೆ, ಅದೂ ಮರಾಠಿ ಊರಿನಲ್ಲಿ. ಈಗ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ನಾನು ಓದುವಾಗ ಬೀದರಿನಿಂದ ಕಲಬುರಗಿಗೆ ಹುಮನಾಬಾದ್ ಮೇಲೆ ಬಸ್ಸು, ಸೀಟು ಸಿಕ್ಕರೆ ಪುಣ್ಯ. ರೈಲು ಬಂದಿದ್ದು 2017ರಲ್ಲಿ. ಈಗಿನ ಹುಡುಗಿಯರು ಆ ರೈಲಿನಲ್ಲಿ ಕಲಬುರಗಿಗೆ ಓದಲು ಹೋಗುವುದನ್ನು ನೋಡಿದರೆ ನನಗೆ ತುಂಬಾ ಖುಷಿ.

ಇನ್ನೊಂದು ಮಾತು. ಕಲಬುರಗಿ ತಾಲ್ಲೂಕಿನ ಸಾವಳಗಿಯ ಕಾದಂಬರಿಗಾರ್ತಿ ಗೀತಾ ನಾಗಭೂಷಣ ಅವರನ್ನು ನೆನಪು ಮಾಡಿಕೊಳ್ಳಿ. ತಂದೆ ಎಂಎಸ್‌ಕೆ ಮಿಲ್ಲಿನಲ್ಲಿ ದುಡಿಯುತ್ತಿದ್ದವರು. ಗೀತಾ ಅವರು ಮೊದಲು ಡಿಸಿ ಆಫೀಸಿನಲ್ಲಿ ಗುಮಾಸ್ತೆ, ಕೆಲಸ ಮಾಡುತ್ತಲೇ ಓದಿದರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2010ರಲ್ಲಿ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆ ಆದರು. ಅವರು ಗುಮಾಸ್ತೆ ಆಗಿದ್ದಾಗ ಯಾರಾದರೂ ಹುದ್ದೆ ಕೇಳಿ ಪುಸ್ತಕ ಮಾಡಿದ್ದರೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಹೆಣ್ಣುಮಕ್ಕಳ ಬದುಕು ಎಷ್ಟೋ ಸಲ ತಡವಾಗಿ ಶುರುವಾಗುತ್ತದೆ. ಐದು ವರ್ಷಕ್ಕೊಮ್ಮೆ ಈ ಪುಸ್ತಕವನ್ನು ಮತ್ತೆ ತಿದ್ದಿ ಹಾಕಿ.

---

ಚಿಂಚೋಳಿ 2017

ಅಕ್ಕಾವ್ರೆ, ನೀವು ಬರೆದಿದ್ದನ್ನು ನಮ್ಮ ಬ್ಯಾಚಿನ ಹುಡುಗಿಯರಿಗೆಲ್ಲ ಕಳಿಸಿದೆ.

ನಾನು 2015-17, ಎಂ.ಎ. ಇತಿಹಾಸ. ನಮ್ಮ ದಶಕದವರು ಯಾಕೆ ಬರೆಯುವುದಿಲ್ಲ ಅಂತ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನ ಇನ್ನೂ ಓದುತ್ತಿದ್ದಾರೆ. ಕೆ-ಸೆಟ್, ನೆಟ್, ಪಿಡಿಒ, ಎಫ್‌ಡಿಎ, ಶಿಕ್ಷಕರ ನೇಮಕಾತಿ, ಯಾವುದು ಕರೆದರೆ ಅದು. ಸಿಟಿಯಲ್ಲಿ ಒಂದು ರೂಮು, ಊರಿನಿಂದ ಬುತ್ತಿ, ರೊಟ್ಟಿ ಶೇಂಗಾ ಹಿಂಡಿ, ಲೈಬ್ರರಿ. ಕೆಲವರು ಅತಿಥಿ ಉಪನ್ಯಾಸಕರು, ವರ್ಷದಲ್ಲಿ ಕೆಲವು ತಿಂಗಳು ಸಂಬಳ, ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನೂ ಅದೇ. ಈಗ ಏನು ಮಾಡುತ್ತಿದ್ದೀರಿ ಅಂತ ಯಾರಾದರೂ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಬ್ಯಾಚಿನ ಗ್ರೂಪಿನಲ್ಲಿ ಒಬ್ಬನಿಗೆ ಕೆಲಸ ಸಿಕ್ಕರೆ ಎಲ್ಲರೂ ಶುಭಾಶಯ ಹಾಕುತ್ತಾರೆ, ಆಮೇಲೆ ವಾರಗಟ್ಟಲೆ ಗ್ರೂಪು ಮೌನ.

ನಮಗೆ ಸಂವಿಧಾನದ 371ಜೆ ವಿಧಿ ಇದೆಯಲ್ಲ ಅಂತ ದೊಡ್ಡವರು ಹೇಳುತ್ತಾರೆ. ಹೌದು, 2012ರಲ್ಲಿ ಸಂವಿಧಾನ ತಿದ್ದುಪಡಿ ಆಯಿತು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನಮಗೆ 70% ಸೀಟು, ರಾಜ್ಯದ ಉಳಿದ ಕಡೆ 8%, ಕೆಲಸದಲ್ಲೂ ಮೀಸಲು. ಅದರಿಂದ ನಮ್ಮ ಊರಿನ ಹುಡುಗರು ಡಾಕ್ಟರ್ ಆಗಿದ್ದಾರೆ, ಅದು ಸಣ್ಣ ಮಾತಲ್ಲ. ಆದರೆ ಮೀಸಲು ಇದ್ದರೂ ಹುದ್ದೆ ಕರೆಯಬೇಕು, ಪರೀಕ್ಷೆ ನಡೆಯಬೇಕು, ಪಟ್ಟಿ ಬರಬೇಕು, ಅದು ಕೋರ್ಟಿಗೆ ಹೋಗದೆ ಇರಬೇಕು. ಅಷ್ಟರಲ್ಲಿ ವಯಸ್ಸು ನಡೆಯುತ್ತಿರುತ್ತದೆ.

ಅದಕ್ಕೇ ಒಂದು ವಿನಂತಿ. ಕೆಲಸ ಸಿಕ್ಕವರನ್ನು ಮಾತ್ರ ಅಲ್ಲ, ಹುಡುಕುತ್ತಿರುವವರನ್ನೂ ಹಾಕಿ, ಇದ್ದದ್ದು ಇದ್ದ ಹಾಗೆ. ನಾನು ಬರೆದು ಕೊಡುತ್ತೇನೆ. ಇನ್ನೊಂದು, ಹಿರಿಯ ಬ್ಯಾಚಿನವರು ತಮ್ಮ ವಿವರದ ಕೊನೆಗೆ ಒಂದು ಸಾಲು ಸೇರಿಸಲಿ, ಯಾವ ವಿಷಯಕ್ಕೆ ನಮ್ಮಂಥವರು ಅವರನ್ನು ಕೇಳಬಹುದು ಅಂತ. ಇಂಟರ್ವ್ಯೂ ಹೇಗೆ, ಪಿಎಚ್.ಡಿ.ಗೆ ಎಲ್ಲಿ ಅರ್ಜಿ, ಖಾಸಗಿ ಕೆಲಸಕ್ಕೆ ಇತಿಹಾಸ ಓದಿದವನು ಎಲ್ಲಿ ಹೋಗಬೇಕು. ನಮ್ಮ ಮನೆಯಲ್ಲಿ ಕೇಳಲು ಯಾರೂ ಇಲ್ಲ. ಪುಸ್ತಕ ಅಷ್ಟು ಮಾಡಿದರೆ ನಮಗೆ ಬಹಳ ಉಪಕಾರ.

---

ಶಹಾಪುರದ ಮಾಸ್ತರ

ತಮ್ಮಾ, ನಿನ್ನ ಹೆಸರು ನಮ್ಮೆಲ್ಲರಿಗಿಂತ ಮೊದಲು ಬರಬೇಕು. ಅತಿಥಿ ಉಪನ್ಯಾಸಕ ಅಂತ ಬರೆಸಲು ಸಂಕೋಚ ಬೇಡ. ಕ್ಲಾಸಿನಲ್ಲಿ ಕೂತ ಹುಡುಗರಿಗೆ ನೀನು ಮೇಷ್ಟ್ರೇ, ಅವರಿಗೆ ನಿನ್ನ ಆದೇಶ ಪತ್ರ ಕಾಣುವುದಿಲ್ಲ. ಯಾದಗಿರಿ ಕಡೆ ಬಂದರೆ ಮನೆಗೆ ಬಾ. ಹೈಸ್ಕೂಲ್ ಶಿಕ್ಷಕರ ನೇಮಕಾತಿಗೆ ಸಮಾಜ ವಿಜ್ಞಾನ ಹೇಗೆ ಓದಬೇಕು ಅಂತ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ವಾಡಿ ಜಂಕ್ಷನ್ ಅವರೆ, ನಿಮ್ಮ ಮಾತು ಒಪ್ಪಿದೆ. ಹುದ್ದೆಯೂ ಇರಲಿ. ಆದರೆ ಅದು ಕೊನೆಯ ಪ್ರಶ್ನೆ ಆಗಲಿ.

---

ಜಗತ್ ಸರ್ಕಲ್

ಒಂದು ಸಣ್ಣ ಎಚ್ಚರಿಕೆ. ನಾನು ಒಂದು ಕಾಲೇಜಿನಲ್ಲಿ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕಡತ ನೋಡಿಕೊಂಡವನು. ಅದರಲ್ಲೂ ಹಳೆ ವಿದ್ಯಾರ್ಥಿಗಳ ಭಾಗ ಬರುತ್ತದೆ, ಸಂಘ ನೋಂದಣಿ ಆಗಿದೆಯಾ, ದೇಣಿಗೆ ಎಷ್ಟು ಬಂತು ಅಂತ. ಅದು ಬೇರೆ ಕೆಲಸ, ಅದಕ್ಕೆ ಬೇರೆ ಫೈಲು ಇರಲಿ. ಈ ಪುಸ್ತಕದ ಫಾರ್ಮಿನಲ್ಲಿ ದೇಣಿಗೆಯ ಅಂಕಣ ಹಾಕಿದರೆ ಜನ ದುಡ್ಡು ಕೇಳಲು ಬಂದಿದ್ದಾರೆ ಅಂದುಕೊಂಡು ಓಡುತ್ತಾರೆ.

ಮೊಬೈಲ್ ನಂಬರ್, ಮನೆ ವಿಳಾಸ ಅಚ್ಚು ಹಾಕಬೇಡಿ. ಊರು ಅಥವಾ ತಾಲ್ಲೂಕು ಸಾಕು. ನಂಬರುಗಳು ನಿಮ್ಮಲ್ಲಿ ಒಬ್ಬರ ಬಳಿ ಇರಲಿ, ಕೇಳಿದವರಿಗೆ ಅವರ ಒಪ್ಪಿಗೆ ಪಡೆದು ಕೊಡಿ. ಬರೆದಿದ್ದನ್ನು ಅಚ್ಚಿಗೆ ಮುಂಚೆ ಒಮ್ಮೆ ಅವರಿಗೇ ಕಳಿಸಿ, ಸರಿ ಅಂತ ಒಂದು ಮೆಸೇಜ್ ತರಿಸಿಕೊಳ್ಳಿ.

ಜಿಲ್ಲೆಯ ಹೆಸರಿನ ಬಗ್ಗೆಯೂ ನೋಡಿಕೊಳ್ಳಿ. ಯಾದಗಿರಿ ಬೇರೆ ಜಿಲ್ಲೆ ಆಗಿದ್ದು 2009ರ ಕೊನೆಗೆ, ಗುಲಬರ್ಗ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಹಳೆ ರಿಜಿಸ್ಟರಿನಲ್ಲಿ ಸುರಪುರ, ಶಹಾಪುರದವರೆಲ್ಲ ಗುಲಬರ್ಗ ಜಿಲ್ಲೆ ಅಂತಲೇ ಇರುತ್ತಾರೆ. ಜಿಲ್ಲೆಗಿಂತ ತಾಲ್ಲೂಕಿನ ಲೆಕ್ಕದಲ್ಲಿ ಹುಡುಕುವುದು ಸುಲಭ.

---

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ನಿನ್ನೆ ರಾತ್ರಿ ನಮ್ಮವರೆಲ್ಲ ಕೂತು ಫಾರ್ಮ್ ಪೂರ್ತಿ ಬದಲಿಸಿದೆವು. ಮಾಸ್ತರ ಪ್ರಶ್ನೆಗಳು ಮೊದಲು, ಹುದ್ದೆ ಕೊನೆಗೆ, ಅದರ ಕೆಳಗೆ ಚಿಂಚೋಳಿ ತಮ್ಮ ಹೇಳಿದ ಸಾಲು. ಬರೆಯಲು ಬೇಜಾರಾದವರು ವಾಯ್ಸ್ ಮೆಸೇಜ್ ಕಳಿಸಬಹುದು, ನಾವು ಬರೆದುಕೊಳ್ಳುತ್ತೇವೆ.

ಇವತ್ತು ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದಾಗ ಬಂದ ಉತ್ತರಗಳಲ್ಲಿ ಕೆಲವನ್ನು ಅವರ ಒಪ್ಪಿಗೆ ಪಡೆದು ಹಾಕುತ್ತಿದ್ದೇನೆ. ಹೀಗೆ ಬರೆದರೆ ಸರಿಯಾ ನೋಡಿ ಹೇಳಿ.

1976, ಸ್ನಾತಕೋತ್ತರ ಕೇಂದ್ರ, ಆಳಂದ ತಾಲ್ಲೂಕು. ಮನೆಯಲ್ಲಿ ಮೊದಲ ಪದವಿ. ಓದುವಾಗ ಬೆಳಿಗ್ಗೆ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿ. ಈಗ ಕಣ್ಣು ಮಂಜು, ಮೊಮ್ಮಗಳಿಂದ ಪೇಪರ್ ಓದಿಸಿ ಕೇಳುತ್ತಾರೆ. ಬ್ಯಾಂಕ್ ಸಾಲ, ಪಿಂಚಣಿ ವಿಷಯ ಯಾರು ಬೇಕಾದರೂ ಕೇಳಬಹುದು.

1988, ಎಂ.ಎ. ಅರ್ಥಶಾಸ್ತ್ರ, ಚಿತ್ತಾಪುರ ತಾಲ್ಲೂಕು. ಅಪ್ಪ ತೀರಿಕೊಂಡಿದ್ದರಿಂದ ಊರಿಗೆ ವಾಪಸ್. ತೊಗರಿ ಬೆಳೆಗಾರರು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದೇ ಅನ್ನುವ ಗುರುತು) ಬಂದಾಗ, ಹಾಗಂದರೆ ಏನು ಅಂತ ಊರಿನವರಿಗೆ ಕಟ್ಟೆ ಮೇಲೆ ಕೂತು ತಿಳಿಸಿ ಹೇಳಿದವರು ಇವರೇ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಓದುತ್ತಿದ್ದಾರೆ.

1992, ಎಂಬಿಬಿಎಸ್, ಬಸವಕಲ್ಯಾಣ ತಾಲ್ಲೂಕು. ನಗರಕ್ಕೆ ಹೋಗದೆ ತಾಲ್ಲೂಕಿನಲ್ಲೇ ಕ್ಲಿನಿಕ್. ತಾವು ಗುಲಬರ್ಗಾ ವಿವಿಯವರು ಅಂತ ನಾವು ಫೋನ್ ಮಾಡಿದ ಮೇಲೆ ಸರ್ಟಿಫಿಕೇಟ್ ತೆಗೆದು ನೋಡಿದರಂತೆ. ತಮ್ಮ ಬ್ಯಾಚಿನ ಇನ್ನೂ ಹನ್ನೊಂದು ಜನರ ಹೆಸರು ಕೊಟ್ಟರು.

2006, ಎಂ.ಎ. ಉರ್ದು, ಕಲಬುರಗಿ ನಗರ. ಓದಿಗೆ ಅಮ್ಮ ಹೊಲಿಗೆ ಮಾಡಿ ದುಡ್ಡು ಕೊಟ್ಟರು. ಉರ್ದು ಶಾಲೆಯಲ್ಲಿ ಶಿಕ್ಷಕಿ, ಓಣಿಯ ಹೆಂಗಸರಿಗೆ ಸಂಜೆ ಓದು ಬರಹ ಕಲಿಸುತ್ತಾರೆ. ತಮ್ಮ ವಿವರವನ್ನು ಉರ್ದುವಿನಲ್ಲೂ ಹಾಕಬೇಕು ಅಂದಿದ್ದಾರೆ. ಹಾಕುತ್ತೇವೆ.

ಬಳ್ಳಾರಿ, ರಾಯಚೂರಿನ ಹಳಬರಿಗೆ ಪತ್ರ ಕಳಿಸುವ ಹೊಣೆ ಒಬ್ಬರು ಹೊತ್ತಿದ್ದಾರೆ. ಹೆಣ್ಣುಮಕ್ಕಳನ್ನು ಹುಡುಕಲು ಬೀದರ್ ತವರಿನ ಮೇಡಂ ಅವರ ಸಹಾಯ ಬೇಕೇ ಬೇಕು. ಮೇಡಂ, ಮೊದಲು ನಿಮ್ಮ ರೂಮ್‌ಮೇಟ್ ಅವರಿಂದಲೇ ಶುರು ಮಾಡೋಣವಾ?

ತೀರಿಕೊಂಡವರ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ. ಕೋವಿಡ್‌ನಲ್ಲಿ ನಮ್ಮ ಬ್ಯಾಚಿನವರೂ ಹೋದರು. ಅವರಿಗೆ ಪುಸ್ತಕದ ಕೊನೆಯಲ್ಲಿ ಬೇರೆ ಪಟ್ಟಿ ಮಾಡೋಣ ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು.

---

ಬೀದರ್ ತವರು

ಬೇರೆ ಪಟ್ಟಿ ಬೇಡ ಸರ್. ಅವರ ಬ್ಯಾಚಿನಲ್ಲೇ, ಅವರ ಗೆಳೆಯರ ಹೆಸರುಗಳ ನಡುವೆಯೇ ಇರಲಿ. ಬದುಕಿದ್ದಾಗ ಏನು ಮಾಡಿದರು ಅಂತ ಜೊತೆಗೆ ಓದಿದ ಒಬ್ಬರು ಬರೆಯಲಿ, ಕೆಳಗೆ ಬರೆದವರ ಹೆಸರು ಹಾಕಿ. ಮನೆಯವರನ್ನು ಒಮ್ಮೆ ಕೇಳಿ, ಅವರಿಗೆ ನೋವಾಗುವುದಾದರೆ ಹೆಸರು, ವರ್ಷ ಮಾತ್ರ ಸಾಕು.

ರೂಮ್‌ಮೇಟ್‌ಗೆ ಈಗಷ್ಟೇ ಫೋನ್ ಮಾಡಿದ್ದೆ. ಮೊದಲು ಬೇಡ ಅಂದಳು. ಗೊಬ್ಬರದ ಪ್ರಶ್ನೆ ಕೇಳಲು ಯಾರಾದರೂ ಬರಬಹುದಾ ಅಂತ ಕೇಳಿದೆ. ಮಣ್ಣು ಪರೀಕ್ಷೆಯ ಚೀಟಿ ತಂದರೆ ಓದಿ ಹೇಳುತ್ತೇನೆ ಅಂದಳು, ಅದನ್ನೇ ಅವಳ ಹೆಸರಿನ ಮುಂದೆ ಹಾಕಿ. ನಮ್ಮ ಹಾಸ್ಟೆಲಿನ ಉಳಿದವರ ನಂಬರ್ ನಾಳೆ ನಿಮಗೆ ಕಳಿಸುತ್ತೇನೆ, ಮಧ್ಯಾಹ್ನ ಎರಡರ ನಂತರ ಮಾಡಿಸಿ.